ಕೈಗೆ ಹೊಂದುವ ಕಂಪ್ಯೂಟರಿಗಾಗಿ ಹುಡುಕಾಟ

ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ಕಂಪ್ಯೂಟರ್ ಹೇಗಿರಬೇಕು ಎಂಬುದನ್ನು ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಲ್ಲೇ ವಿವರವಾಗಿ ಬರೆದಿಟ್ಟರು. ನೋಟ್‌ಪುಸ್ತಕದ ಗಾತ್ರ, ಎರಡು ಕಿಲೋಗಿಂತ ಕಡಿಮೆ ತೂಕ, ಓದಲು ಹಿತವಾದ ಸ್ಪಷ್ಟ ತೆರೆ, ಒಳಗೇ ಬ್ಯಾಟರಿ, ಮಕ್ಕಳಿಗೂ ಒಗ್ಗುವ ಸರಳತೆ, 500 ಡಾಲರಿನ ಆಸುಪಾಸಿನ ಬೆಲೆ. ಅದಕ್ಕೆ ಡೈನಾಬುಕ್ ಎಂದು ಹೆಸರು. ಎಷ್ಟು ತೂಕವಾದರೆ ಕೈ ಸೋಲುತ್ತದೆ ಎಂದು ತಿಳಿಯಲು ಕೇ ರಟ್ಟಿನ ಮಾದರಿಯೊಂದನ್ನು ಮಾಡಿ, ಒಳಗೆ ಸೀಸದ ಗುಂಡುಗಳನ್ನು ಸುರಿದು ಎತ್ತಿ ನೋಡಿದ್ದರು. ಅವರು ಕೆಲಸ ಮಾಡುತ್ತಿದ್ದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರ ಮರುವರ್ಷವೇ ಆಲ್ಟೋ ಎಂಬ ಯಂತ್ರವನ್ನು ಕಟ್ಟಿತು. ಅದು ಮೇಜಿನ ಕೆಳಗೆ ಇಡಬೇಕಾದಷ್ಟು ದೊಡ್ಡ ಪೆಟ್ಟಿಗೆ. ಕಟ್ಟಿದವರೇ ಅದನ್ನು ಸದ್ಯಕ್ಕೆ ಸುಧಾರಿಸಿಕೊಳ್ಳಬೇಕಾದ ಡೈನಾಬುಕ್ ಎಂದು ಕರೆದರು.

ಕೇ ಕೊಟ್ಟ ಪಟ್ಟಿಯ ಒಂದೊಂದು ಅಂಶವೂ ಅಲ್ಲಿಂದೀಚೆಗೆ ಸಾಧ್ಯವಾಗಿದೆ. ಇಂದಿನ ಟ್ಯಾಬ್ಲೆಟ್ ಅವರ ಲೆಕ್ಕದ ಮೂರನೇ ಒಂದು ಭಾಗದಷ್ಟೂ ತೂಗುವುದಿಲ್ಲ. ಆದರೆ ಮಗು ತಾನೇ ಪ್ರೋಗ್ರಾಂ ಬರೆದು ಯಂತ್ರವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳಬೇಕು ಎಂಬುದು ಅವರ ಮುಖ್ಯ ಆಸೆಯಾಗಿತ್ತು. ಹಗುರ ಟ್ಯಾಬ್ಲೆಟ್‌ಗಳು ಮೊದಲು ಕೈಬಿಟ್ಟದ್ದು ಅದನ್ನೇ. ಹೊತ್ತೊಯ್ಯುವ ಯಂತ್ರಗಳ ಅರ್ಧ ಶತಮಾನದ ಇತಿಹಾಸದ ಉದ್ದಕ್ಕೂ ಇದೇ ಕಾಣುತ್ತದೆ. ಗಾತ್ರ, ತೂಕ, ತೆರೆ, ಕೀಲಿಮಣೆ, ಬ್ಯಾಟರಿ, ಬೆಲೆ ಇವುಗಳಲ್ಲಿ ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತದೆ. ಯಾವುದನ್ನು ಬಿಡಬೇಕೆಂದು ಸ್ಪಷ್ಟವಾಗಿ ತಿಳಿದಿದ್ದ ಯಂತ್ರಗಳೇ ಜನರ ಕೈಯಲ್ಲಿ ಉಳಿದವು.

ಮಾರುಕಟ್ಟೆಯಲ್ಲಿ ನಿಜವಾಗಿ ಗೆದ್ದ ಮೊದಲ ಹೊತ್ತೊಯ್ಯುವ ಕಂಪ್ಯೂಟರ್ 1981ರ ಆಸ್ಬೋರ್ನ್-1. ಅದನ್ನು ರೂಪಿಸಿದ ಆಡಂ ಆಸ್ಬೋರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರ ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಬಗ್ಗೆ ಬರೆದ ಪ್ರಸಿದ್ಧ ಲೇಖಕರು. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಆಸ್ಬೋರ್ನ್-1ರ ತೂಕ ಸುಮಾರು 11 ಕಿಲೋ, ತೆರೆಯ ಅಳತೆ ಬರೀ 5 ಇಂಚು, ಬೆಲೆ 1,795 ಡಾಲರ್. ಒಳಗೆ ಬ್ಯಾಟರಿ ಇರಲಿಲ್ಲ. ಹೋದಲ್ಲಿ ಪ್ಲಗ್ ಸಿಕ್ಕರಷ್ಟೇ ಕೆಲಸ. ವಿಮಾನದ ಸೀಟಿನ ಕೆಳಗೆ ಹಿಡಿಸುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಬರವಣಿಗೆಗೆ ಬೇಕಾದ ವರ್ಡ್‌ಸ್ಟಾರ್, ಲೆಕ್ಕಕ್ಕೆ ಬೇಕಾದ ಸೂಪರ್‌ಕ್ಯಾಲ್ಕ್ ಆ ಬೆಲೆಯಲ್ಲೇ ಸಿಗುತ್ತಿದ್ದುದರಿಂದ ಕೊಂಡವರು ಸಣ್ಣ ತೆರೆಯನ್ನು ಸಹಿಸಿಕೊಂಡರು.

ಮರುವರ್ಷ ಬಂದ ಗ್ರಿಡ್ ಕಂಪಾಸ್ ಇನ್ನೊಂದು ದಾರಿ ಹಿಡಿಯಿತು. ಇಂದಿನ ಲ್ಯಾಪ್‌ಟಾಪಿನಂತೆ ಮಡಚುವ ವಿನ್ಯಾಸ, ಮೆಗ್ನೀಸಿಯಂ ಕವಚ, ಚಪ್ಪಟೆ ತೆರೆ. ಅದರ ಬೆಲೆ 8,000 ಡಾಲರಿಗೂ ಹೆಚ್ಚು. ಅದನ್ನು ಕೊಂಡದ್ದು ಅಮೆರಿಕದ ಸೇನೆ, ನಾಸಾದಂಥ ಸಂಸ್ಥೆಗಳು. ಸಾಮಾನ್ಯರ ಪಾಲಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 1983ರ ಟಿಆರ್‌ಎಸ್-80 ಮಾಡೆಲ್ 100. ತೆರೆಯಲ್ಲಿ ಎಂಟೇ ಸಾಲು, ಸಾಲಿಗೆ 40 ಅಕ್ಷರ. ಬಣ್ಣವಿಲ್ಲ, ಡಿಸ್ಕ್ ಇಲ್ಲ. ಆದರೆ ಕೀಲಿಮಣೆ ಪೂರ್ತಿ ಅಳತೆಯದು, ತೂಕ ಒಂದೂವರೆ ಕಿಲೋಗಿಂತ ಕಡಿಮೆ, ಯಾವ ಅಂಗಡಿಯಲ್ಲೂ ಸಿಗುವ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ಸುಮಾರು 20 ಗಂಟೆ ಓಡುತ್ತಿತ್ತು. ಬರೆದದ್ದನ್ನು ಫೋನ್ ತಂತಿಯ ಮೂಲಕ ಕಚೇರಿಗೆ ಕಳುಹಿಸುವ ಮೋಡೆಮ್ ಒಳಗೇ ಇತ್ತು. ಊರೂರು ತಿರುಗುವ ಪತ್ರಕರ್ತರಿಗೆ ಬೇಕಾದದ್ದು ಇಷ್ಟೇ. ಅವರು ಆ ಯಂತ್ರವನ್ನು ವರ್ಷಗಟ್ಟಲೆ ಬಿಡಲಿಲ್ಲ.

ಜೇಬಿಗೆ ಇಳಿಯುವ ಯಂತ್ರದ ಕಥೆ ಇನ್ನೂ ಸ್ವಾರಸ್ಯಕರ. ಆಪಲ್ ಕಂಪನಿ 1993ರಲ್ಲಿ ನ್ಯೂಟನ್ ಎಂಬ ಕೈಯಂತ್ರವನ್ನು ತಂದಿತು. ಬಳಸುವವರು ತಮಗೆ ರೂಢಿಯಿದ್ದ ಕೈಬರಹದಲ್ಲಿ ಬರೆದರೆ ಸಾಕು, ಯಂತ್ರವೇ ಅದನ್ನು ಓದಿಕೊಳ್ಳುತ್ತದೆ ಎಂಬ ಭರವಸೆ ಇತ್ತು. ಆಗಿನ ಪ್ರೊಸೆಸರ್‌ಗೆ ಆ ಹೊರೆ ಹೆಚ್ಚಾಯಿತು. ಪದಗಳು ತಪ್ಪುತಪ್ಪಾಗಿ ಮೂಡಿದವು, ಗಾತ್ರವೂ ಜೇಬನ್ನು ಮೀರಿತ್ತು. ಮೂರು ವರ್ಷದ ಬಳಿಕ ಬಂದ ಪಾಮ್ ಪೈಲಟ್ ಇದೇ ಸಮಸ್ಯೆಯನ್ನು ತಲೆಕೆಳಗು ಮಾಡಿ ಬಿಡಿಸಿತು. ಅದರ ಕರ್ತೃ ಜೆಫ್ ಹಾಕಿನ್ಸ್ ಒಂದು ತಂತಿಯನ್ನೂ ಜೋಡಿಸುವ ಮುನ್ನ ಅಂಗಿಯ ಜೇಬಿಗೆ ಸರಿಹೊಂದುವಂತೆ ಮರದ ತುಂಡೊಂದನ್ನು ಕತ್ತರಿಸಿಕೊಂಡರು. ಅದನ್ನು ಹೋದಲ್ಲೆಲ್ಲ ಇಟ್ಟುಕೊಂಡು ತಿರುಗಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಮರದ ತುಂಡನ್ನು ಹೊರತೆಗೆದು, ಮೇಲೆ ಅಂಟಿಸಿದ ಕಾಗದದ ಮೇಲೆ ಕಡ್ಡಿಯಿಂದ ತಟ್ಟಿ, ಈ ಕೆಲಸಕ್ಕೆ ಎಷ್ಟು ಬಾರಿ ಒತ್ತಬೇಕಾಗುತ್ತದೆ ಎಂದು ಎಣಿಸುತ್ತಿದ್ದರು. ಹೊಸ ಸೌಲಭ್ಯ ಸೇರಿಸೋಣ ಎಂಬ ಸಲಹೆ ಬಂದಾಗಲೆಲ್ಲ ಆ ಮರದ ತುಂಡಿನ ಅಳತೆಯೇ ತೀರ್ಮಾನ ಹೇಳುತ್ತಿತ್ತು.

ಹಾಗಾಗಿ ಪೈಲಟ್ ಎಲ್ಲರ ಕೈಬರಹವನ್ನೂ ಓದುವ ಗೋಜಿಗೆ ಹೋಗಲಿಲ್ಲ. ಗ್ರಾಫಿಟಿ ಎಂಬ ಸರಳ ಅಕ್ಷರಮಾಲೆಯನ್ನು ಕೊಟ್ಟು, ಬಳಸುವವರೇ ಅದನ್ನು ಕಲಿಯಲಿ ಎಂದಿತು. ಹೆಚ್ಚಿನ ಅಕ್ಷರಗಳಿಗೆ ಕಡ್ಡಿ ಎತ್ತದೆ ಎಳೆಯುವ ಒಂದೇ ಗೆರೆ. ಕಲಿಯಲು ಅರ್ಧ ಗಂಟೆಯ ಶ್ರಮ, ಆಮೇಲೆ ತಪ್ಪು ಅಪರೂಪ. ಎರಡು ಸಣ್ಣ ಪೆನ್ಸಿಲ್ ಸೆಲ್‌ಗಳಲ್ಲಿ ವಾರಗಟ್ಟಲೆ ನಡೆಯುತ್ತಿತ್ತು, ಬೆಲೆ 299 ಡಾಲರಿನಿಂದ ಶುರು. ಕೈಯಂತ್ರಗಳ ಇತಿಹಾಸದಲ್ಲಿ ಇಷ್ಟು ವಿವೇಕದಿಂದ ಮಾಡಿಕೊಂಡ ರಾಜಿ ಅಪರೂಪ.

ಈ ಎಲ್ಲ ರಾಜಿಗಳ ಬೇರು ಇರುವುದು ಬ್ಯಾಟರಿಯಲ್ಲಿ. ಕಂಪ್ಯೂಟರ್ ಚಿಪ್‌ಗಳ ಬೆಳವಣಿಗೆ ಬೆರಗು ಹುಟ್ಟಿಸುವಂಥದ್ದು. ಇಂಟೆಲ್ 1971ರಲ್ಲಿ ತಂದ 4004 ಚಿಪ್ಪಿನಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರ್. ಆಪಲ್ 2020ರಲ್ಲಿ ಲ್ಯಾಪ್‌ಟಾಪಿಗೆ ಹಾಕಿದ ಎಂ1 ಚಿಪ್ಪಿನಲ್ಲಿ 1,600 ಕೋಟಿ. ಬ್ಯಾಟರಿಗೆ ಆ ಭಾಗ್ಯವಿಲ್ಲ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನ್ ಬ್ಯಾಟರಿ ಕಿಲೋಗೆ ಸುಮಾರು 80 ವಾಟ್-ಗಂಟೆ ಶಕ್ತಿ ಹಿಡಿಯುತ್ತಿತ್ತು. ಇಂದಿನ ಉತ್ತಮ ಬ್ಯಾಟರಿಗಳು 250ರ ಆಸುಪಾಸಿನಲ್ಲಿವೆ. ಮೂರು ದಶಕದಲ್ಲಿ ಮೂರು ಪಟ್ಟು, ಅಷ್ಟೇ. ಲಿಥಿಯಂ ಬ್ಯಾಟರಿಗೆ ಅಡಿಪಾಯ ಹಾಕಿದ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಟ್ರಾನ್ಸಿಸ್ಟರನ್ನು ಕಿರಿದಾಗಿಸಿದಂತೆ ರಾಸಾಯನಿಕ ಕ್ರಿಯೆಯನ್ನು ಕಿರಿದಾಗಿಸಲು ಬರುವುದಿಲ್ಲ. ಹೆಚ್ಚು ಹೊತ್ತು ಬೇಕೆಂದರೆ ಹೆಚ್ಚು ಬ್ಯಾಟರಿ ಬೇಕು, ಹೆಚ್ಚು ಬ್ಯಾಟರಿ ಎಂದರೆ ಹೆಚ್ಚು ತೂಕ.

ಮೊಬೈಲ್ ಡಬ್ಬಿಯ ಮೇಲೆ ಕಾಣುವ 5,000 ಎಂಎಎಚ್ ಎಂಬ ಅಂಕಿಯನ್ನು ವಾಟ್-ಗಂಟೆಗೆ ತಂದರೆ ಹತ್ತಿರಹತ್ತಿರ 19 ಆಗುತ್ತದೆ. ಲ್ಯಾಪ್‌ಟಾಪುಗಳಲ್ಲಿ 50–60 ಸಾಮಾನ್ಯ. ಮೇಲಕ್ಕೆ ಹೋಗಲು ಇನ್ನೊಂದು ಗೋಡೆಯಿದೆ. ವಿಮಾನ ಪ್ರಯಾಣಿಕರು ಪ್ರತ್ಯೇಕ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಗೆ 100 ವಾಟ್-ಗಂಟೆಯ ಮಿತಿ. ದೊಡ್ಡ ಲ್ಯಾಪ್‌ಟಾಪುಗಳಲ್ಲಿ ಅನೇಕವು 99ಕ್ಕೆ ಬಂದು ನಿಲ್ಲುವುದು ಇದೇ ಕಾರಣಕ್ಕೆ.

ಶಕ್ತಿ ಖರ್ಚಾದಲ್ಲಿ ಶಾಖ ಹುಟ್ಟುತ್ತದೆ. ಮೊಬೈಲಿಗೆ ಫ್ಯಾನ್ ಇಲ್ಲದ ಕಾರಣ ಒಳಗಿನ ಬಿಸಿ ಕವಚದಿಂದಲೇ ಹೊರಹೋಗಬೇಕು, ಆ ಕವಚ ಹಿಡಿದವರ ಅಂಗೈಯನ್ನು ಸುಡಬಾರದು. ಆದ್ದರಿಂದ ಬಿಸಿ ಏರಿದ ಕೂಡಲೇ ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ತೆರೆಯ ಬೆಳಕನ್ನೂ ಇಳಿಸುತ್ತದೆ. 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಎಂದು ತಯಾರಕರು ಸೂಚಿಸುವುದುಂಟು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ನೆರಳಿನಲ್ಲೇ ತಾಪ 40 ಡಿಗ್ರಿ ದಾಟುತ್ತದೆ. ಹೊರಗೆ ನಿಂತು ನಕ್ಷೆ ನೋಡುವವರಿಗೆ ಬಿಸಿಲಿನ ಪ್ರಖರತೆಯ ನಡುವೆ ತೆರೆ ಮಂಕಾಗುವುದು, ಚಾರ್ಜಿಗೆ ಹಾಕಿದ ಫೋನು ನಡುವೆಯೇ ಚಾರ್ಜು ನಿಲ್ಲಿಸುವುದು ಯಂತ್ರ ಕೆಟ್ಟ ಲಕ್ಷಣವೇ ಆಗಬೇಕಿಲ್ಲ. ಬ್ಯಾಟರಿಯನ್ನು ಉಳಿಸಿಕೊಳ್ಳಲು ಯಂತ್ರ ಹಾಗೆ ಮಾಡುತ್ತದೆ.

ಬಿಸಿಲಿನಲ್ಲಿ ಓದಲು ಒಂದು ಒಳ್ಳೆಯ ಉಪಾಯ ಇಲ್ಲದಿಲ್ಲ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 1997ರಲ್ಲಿ ಕಂಪನಿಯಾದ ಇ-ಇಂಕ್ ತಂತ್ರಜ್ಞಾನದಲ್ಲಿ ತೆರೆ ತಾನಾಗಿ ಬೆಳಗುವುದಿಲ್ಲ. ಸೂಕ್ಷ್ಮ ಗುಳಿಗೆಗಳೊಳಗಿನ ಕಪ್ಪು ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಪುಟ ಬದಲಾಗುವಾಗ ಮಾತ್ರ ಶಕ್ತಿ ಬೇಕು. 2007ರಲ್ಲಿ ಬಂದ ಕಿಂಡಲ್ ಇದೇ ತೆರೆಯನ್ನು ನಂಬಿದ ಯಂತ್ರ. ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಕಣ್ಣಿಗೆ ಹಿತ. ಆದರೆ ಕಣಗಳು ಸರಿಯಲು ಸಮಯ ಹಿಡಿಯುವುದರಿಂದ ವಿಡಿಯೊ ನೋಡಲು ಆಗದು. ಕನ್ನಡ ಓದುಗರಿಗೆ ಇಲ್ಲಿ ಬೇರೆಯೇ ಕೊರತೆ ಎದುರಾಯಿತು. ಕಿಂಡಲ್ ಅಂಗಡಿ 2016ರಲ್ಲಿ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ತೆರೆದಾಗ ಅದರಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕದ ಆ್ಯಪ್‌ಗಳು ಬಂದ ಮೇಲೆ ಇ-ಪುಸ್ತಕಗಳೂ ಕೇಳುಪುಸ್ತಕಗಳೂ ಧಾರಾಳವಾಗಿ ಸಿಗುತ್ತಿವೆ. ಹೀಗಾಗಿ ಹೆಚ್ಚಿನವರು ಅವನ್ನು ಓದುವುದು ಮೊಬೈಲಿನ ಬೆಳಗುವ ತೆರೆಯ ಮೇಲೆಯೇ. ಓದಲು ಅತ್ಯುತ್ತಮವಾದ ಯಂತ್ರವೂ ಓದಬೇಕಾದ ಪುಸ್ತಕವೂ ಒಂದೇ ಕಡೆ ಸೇರದಿದ್ದರೆ, ಜನ ಪುಸ್ತಕ ಇರುವ ಕಡೆಗೇ ಹೋಗುತ್ತಾರೆ.

ಲಿಪಿಯೂ ಒಂದು ಅಳತೆಗೋಲು ಎಂಬುದನ್ನು ವಿದೇಶಿ ವಿನ್ಯಾಸಕರು ಬಹುಕಾಲ ಗಮನಿಸಲಿಲ್ಲ. ಮಾಡೆಲ್ 100ರ ತೆರೆಯಲ್ಲಿ ಉದ್ದಕ್ಕೆ 240, ಎತ್ತರಕ್ಕೆ 64 ಚುಕ್ಕೆಗಳು. ಅಂದರೆ ಒಂದು ಅಕ್ಷರಕ್ಕೆ ಆರು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಇಂಗ್ಲಿಷಿನ ಯಾವ ಅಕ್ಷರವೂ ಅಷ್ಟರಲ್ಲಿ ಮುಗಿಯುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ತೆಗೆದುಕೊಂಡರೆ ಮೇಲೆ ಸಕಾರ, ಕೆಳಗೆ ತಕಾರದ ಒತ್ತು, ಅದಕ್ಕೆ ರಕಾರದ ಒತ್ತು, ಬಲಕ್ಕೆ ದೀರ್ಘ. ಇವೆಲ್ಲ ಕಲಸಿಹೋಗದಂತೆ ಕಾಣಲು ಎತ್ತರವೇ ಕನಿಷ್ಠ ಎರಡು ಪಟ್ಟು ಬೇಕು. ಆಗ ಎಂಟು ಸಾಲಿನ ತೆರೆ ನಾಲ್ಕು ಸಾಲಿಗೆ ಇಳಿಯುತ್ತದೆ. ಕಡಿಮೆ ಚುಕ್ಕೆಗಳ ಹಳೆಯ ಫೋನುಗಳಲ್ಲಿ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಟೈಪಿಸುವಲ್ಲಿಯೂ ಹೀಗೆಯೇ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಇಂಗ್ಲಿಷ್ ಕೀಲಿಗಳ ಮೇಲೆಯೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿತು, ನುಡಿ ತಂತ್ರಾಂಶದ ಮೂಲಕ ಮನೆಮಾತಾಯಿತು. ಹತ್ತೂ ಬೆರಳು ಆಡುವ ಕೀಲಿಮಣೆಯಲ್ಲಿ ಅದು ಸೊಗಸು. ಎರಡು ಹೆಬ್ಬೆರಳಿನ ಮೊಬೈಲಿನಲ್ಲಿ ಈಗ ಅನೇಕರು ಮಾತನ್ನೇ ಬರಹಕ್ಕಿಳಿಸುವ ಧ್ವನಿ ಟೈಪಿಂಗ್‌ಗೆ ಹೊರಳಿದ್ದಾರೆ, ಮೂಡಿದ ತಪ್ಪುಗಳನ್ನು ಆಮೇಲೆ ತಿದ್ದಿಕೊಳ್ಳುತ್ತಾರೆ.

ಈ ಪ್ರಶ್ನೆಗಳನ್ನು ಮೊದಲೇ ಎದುರಿಸಿದ ಯಂತ್ರ ಬೆಂಗಳೂರಿನಲ್ಲೇ ಹುಟ್ಟಿತು. 1998ರಲ್ಲಿ ನಗರದಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ಬಡ ದೇಶಗಳ ಜನಕ್ಕೆ ಎಟುಕುವ ಕಂಪ್ಯೂಟರಿನ ಚರ್ಚೆ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಕೂಡಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸಿಂಪ್ಯೂಟರ್ ಎಂಬ ಆ ಯಂತ್ರದ ಮಾದರಿ 2001ರಲ್ಲಿ ಜನರ ಮುಂದೆ ಬಂತು. ಲಿನಕ್ಸ್ ತಂತ್ರಾಂಶ, ಮುಟ್ಟಿದರೆ ಸ್ಪಂದಿಸುವ ತೆರೆ, ಪೆನ್ಸಿಲ್ ಸೆಲ್, ಓದು ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ದನಿ. ಎಲ್ಲಕ್ಕಿಂತ ಮಿಗಿಲಾದದ್ದು ಸ್ಮಾರ್ಟ್ ಕಾರ್ಡಿನ ಆಲೋಚನೆ. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಳ್ಳಲಾಗದಿದ್ದರೆ ಊರಿಗೊಂದು ಇರಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿರಲಿ, ಕಾರ್ಡು ತೂರಿಸಿದವರದ್ದೇ ಆಗ ಯಂತ್ರ ಎಂಬ ಈ ಯೋಚನೆ ಬೆಲೆಯ ಸಮಸ್ಯೆಗೆ ಕೊಟ್ಟ ನಿಜವಾದ ಉತ್ತರವಾಗಿತ್ತು. ಕರ್ನಾಟಕದ ಭೂದಾಖಲೆ ಕೆಲಸದಲ್ಲೂ ಸಿಂಪ್ಯೂಟರನ್ನು ಬಳಸಿ ನೋಡಲಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ಮಾದರಿ 2004ರಲ್ಲಿ ಮಾರಾಟಕ್ಕೆ ಬಂತು. ವಾಲಿಸಿದರೆ ಪುಟ ತಿರುಗುವ ಚಲನ ಸಂವೇದಕ ಅದರಲ್ಲಿತ್ತು, ಐಫೋನ್ ಬರಲು ಇನ್ನೂ ಮೂರು ವರ್ಷ ಬಾಕಿಯಿರುವಾಗ.

ಅಮಿಡಾದ ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಆರಂಭವಾಗುತ್ತಿತ್ತು. ಅದು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಒಂದು ವರ್ಷ ಮೊದಲು, 2003ರಲ್ಲಿ, ನೋಕಿಯಾ 1100 ಬಂದಾಗಿತ್ತು. ಅದರಲ್ಲಿ ಕ್ಯಾಮೆರಾ ಇಲ್ಲ, ಬಣ್ಣದ ತೆರೆ ಇಲ್ಲ, ಇಂಟರ್ನೆಟ್ ಇಲ್ಲ. ದೂಳು ಒಳಹೋಗದ ಒಂದೇ ಹಾಳೆಯ ಕೀಲಿಗಳು, ಬೆವರಿನ ಕೈಯಿಂದ ಜಾರದ ಬದಿಗಳು, ಕರೆಂಟು ಹೋದಾಗ ದಾರಿ ತೋರಲು ಟಾರ್ಚು, ದಿನಗಟ್ಟಲೆ ಬರುವ ಬ್ಯಾಟರಿ ಇಷ್ಟಿದ್ದವು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಇದು. ಸಿಂಪ್ಯೂಟರ್ ಬಡವರಿಗೆ ಕಂಪ್ಯೂಟರ್ ಕೊಡಲು ಹೊರಟಿತ್ತು, ಬಡವರು ಮೊದಲು ಬಯಸಿದ್ದು ದೂರದ ಮಗನೊಡನೆ ಮಾತಾಡುವುದನ್ನು. ಸಿಂಪ್ಯೂಟರಿನ ಆಲೋಚನೆಗಳು ಕಾಲಕ್ಕಿಂತ ಮುಂದಿದ್ದವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮಾಡಬಲ್ಲ ಕೆಲಸಗಳ ಪಟ್ಟಿ ಉದ್ದವಾಗಿದ್ದರೂ ಮನೆಮನೆಗೂ ದಿನವೂ ಬೇಕೇಬೇಕೆನಿಸುವ ಒಂದು ಕೆಲಸ ಅದರಲ್ಲಿ ಇರಲಿಲ್ಲ.

ಒಂದೇ ಕೆಲಸದ ಕೈಯಂತ್ರ ಎಷ್ಟು ಚೆನ್ನಾಗಿ ಬಾಳುತ್ತದೆ ಎಂಬುದನ್ನು ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲೇ ನೋಡಬಹುದು. ಕಂಡಕ್ಟರ್ ಕೈಯಲ್ಲಿನ ಟಿಕೆಟ್ ಯಂತ್ರ ಚೆಲುವಿಗಾಗಿ ಮಾಡಿದ್ದಲ್ಲ. ಬದಿಗೆ ಪಟ್ಟಿ, ಮೇಲೆ ಸಣ್ಣ ತೆರೆ, ಕಣ್ಣಿಟ್ಟು ನೋಡದೆಯೂ ಹೆಬ್ಬೆರಳಿಗೆ ಸಿಗುವ ಉಬ್ಬು ಗುಂಡಿಗಳು. ಬಸ್ಸು ಕುಲುಕುವಾಗ ಒಂದು ಕೈ ಕಂಬಿ ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲೇ ಹತ್ತುವ ಸ್ಟಾಪು, ಇಳಿಯುವ ಸ್ಟಾಪು, ಫುಲ್ ಎಷ್ಟು, ಹಾಫ್ ಎಷ್ಟು ಎಂದು ಒತ್ತಿ ಮುಗಿಸಬೇಕು. ಸರದಿ ಮುಗಿಯುವ ತನಕ ಬ್ಯಾಟರಿ ಬರಲೇಬೇಕು. ಶಾಯಿಯ ರಗಳೆ ಇಲ್ಲದಿರಲೆಂದು ಶಾಖಕ್ಕೆ ಕಪ್ಪಾಗುವ ಕಾಗದ. ಅದರ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸುತ್ತವೆ, ಬಸ್ ಟಿಕೆಟಿಗೆ ಅಷ್ಟು ಆಯುಷ್ಯ ಸಾಕು. ಈಚಿನ ಯಂತ್ರಗಳಿಗೆ ಸ್ಪರ್ಶ ತೆರೆಯೂ ಕ್ಯೂಆರ್ ಕೋಡಿನಿಂದ ಹಣ ಪಾವತಿಸುವ ಅನುಕೂಲವೂ ಬಂದಿವೆ. ಚಿಲ್ಲರೆಯ ಜಗಳ ತಗ್ಗುತ್ತದೆ, ಜತೆಗೆ ನೆಟ್‌ವರ್ಕ್ ಸಿಗದ ಘಾಟಿಯಲ್ಲಿ ಕಾಯುವ ಪಾಡೂ ಸೇರಿಕೊಳ್ಳುತ್ತದೆ.

ಸಾಮಾನ್ಯ ಮೊಬೈಲಿನ ದಾರಿ ಇದಕ್ಕೆ ತದ್ವಿರುದ್ಧ. 2007ರ ಮೊದಲ ಐಫೋನಿನ ತೆರೆ 3.5 ಇಂಚು. ಸ್ಯಾಮ್‌ಸಂಗ್ 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಫೋನಿಗೆ ಅದು ಅತಿಯಾಯಿತು ಎಂದವರು ಬಹಳ. ಇಂದು ಆ ಅಳತೆಯ ಫೋನು ಹುಡುಕಿದರೂ ಸಿಗುವುದು ಕಷ್ಟ. ಸಣ್ಣ ಫೋನು ಬೇಕೆಂಬ ಕೂಗಿಗೆ ಆಪಲ್ 2020ರಲ್ಲಿ 5.4 ಇಂಚಿನ ಐಫೋನ್ 12 ಮಿನಿಯನ್ನು, ಮರುವರ್ಷ 13 ಮಿನಿಯನ್ನು ಕೊಟ್ಟು ನೋಡಿತು. 2022ರಲ್ಲಿ ಹೊಸ ಮಿನಿಯ ಬದಲು ದೊಡ್ಡ ಪ್ಲಸ್ ಮಾದರಿಯನ್ನು ತಂದಿತು. ಕೈಗೆ ಸಣ್ಣದು ಹಿತ ಎಂಬುದು ನಿಜ. ಆದರೆ ಸಿನಿಮಾ ನೋಡುವುದೂ ಪಾಠ ಕೇಳುವುದೂ ಬ್ಯಾಂಕಿನ ಕೆಲಸವೂ ಒಂದೇ ಫೋನಿನಲ್ಲಿ ಆಗಬೇಕಾದಾಗ ಕಣ್ಣಿನ ಬೇಡಿಕೆ ಕೈಯ ಬೇಡಿಕೆಯನ್ನು ಗೆಲ್ಲುತ್ತದೆ. ಸಣ್ಣ ಕವಚದಲ್ಲಿ ಬ್ಯಾಟರಿಗೂ ಜಾಗ ಕಡಿಮೆ.

ಎರಡನ್ನೂ ಕೊಡುತ್ತೇವೆಂದು ಬಂದವು ಮಡಚುವ ಫೋನುಗಳು. 2019ರ ಗ್ಯಾಲಕ್ಸಿ ಫೋಲ್ಡ್‌ನ ತೆರೆಗಳು ಪರಿಶೀಲನೆಗೆ ಕೊಟ್ಟ ಫೋನುಗಳಲ್ಲೇ ಕೆಟ್ಟದ್ದರಿಂದ ಬಿಡುಗಡೆ ಏಪ್ರಿಲಿನಿಂದ ಸೆಪ್ಟೆಂಬರಿಗೆ ಹೋಯಿತು. ಈಗಿನವು ಎಷ್ಟೋ ಗಟ್ಟಿ, ತೆಳು ಕೂಡ. ಆದರೂ ಮಡಿಕೆಯ ಗೆರೆ, ದೂಳಿನ ಭಯ ಪೂರ್ತಿ ಹೋಗಿಲ್ಲ, ಬೆಲೆಯಂತೂ ಒಂದು ಒಳ್ಳೆಯ ಲ್ಯಾಪ್‌ಟಾಪನ್ನೂ ಸಾಧಾರಣ ಫೋನನ್ನೂ ಒಟ್ಟಿಗೆ ಕೊಳ್ಳುವಷ್ಟಿದೆ. ಹೆಚ್ಚಿನವರು ಎರಡನ್ನೂ ಬೇರೆಬೇರೆಯಾಗಿ ಕೊಳ್ಳುವ ದಾರಿಯನ್ನೇ ಹಿಡಿದಿದ್ದಾರೆ. ಬರೆಯುವ ಕೆಲಸಕ್ಕೆ ಲ್ಯಾಪ್‌ಟಾಪ್, ಜೇಬಿಗೆ ಫೋನು. ಮಾತಿಗೊಂದು ಕೀಪ್ಯಾಡ್ ಫೋನನ್ನೂ ಉಳಿದದ್ದಕ್ಕೆ ಸ್ಮಾರ್ಟ್‌ಫೋನನ್ನೂ ಇಟ್ಟುಕೊಂಡ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ, ಅವರ ಆಯ್ಕೆಯಲ್ಲಿ ತಪ್ಪೇನಿಲ್ಲ.

ಅಂಗಡಿಯಲ್ಲಿ ಅಂಕಿಗಳ ಪಟ್ಟಿ ಓದುವುದಕ್ಕಿಂತ ಯಂತ್ರವನ್ನು ಕೈಗೆ ತೆಗೆದುಕೊಂಡು ನೋಡುವುದು ಲೇಸು. ಕವರು ಹಾಕಿದ ಮೇಲೆ ತೂಕ ಎಷ್ಟಾಗುತ್ತದೆ, ಹೊರಗಿನ ಬೆಳಕಿನಲ್ಲಿ ಅಕ್ಷರ ಕಾಣುತ್ತದೆಯೆ, ಕನ್ನಡದ ಒಂದು ಪ್ಯಾರಾ ಟೈಪಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ದಿನದಲ್ಲಿ ಅತಿ ಹೆಚ್ಚು ಹೊತ್ತು ಮಾಡುವ ಒಂದು ಕೆಲಸಕ್ಕೆ ಯಂತ್ರ ಒಗ್ಗಿದರೆ ಉಳಿದ ಕೊರತೆಗಳಿಗೆ ಜನ ಬೇಗ ಹೊಂದಿಕೊಳ್ಳುತ್ತಾರೆ.

ಕೊಳ್ಳುವಾಗ ಕಾಣದ ರಾಜಿಯೊಂದು ಎರಡು ಮೂರು ವರ್ಷದ ಮೇಲೆ ಎದುರಾಗುತ್ತದೆ. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ಪೂರ್ತಿ ಚಾರ್ಜಾದ ಮೇಲೆ ತನ್ನ ಶಕ್ತಿಯ ಐದನೇ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ. ನೋಕಿಯಾ 1100ರ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ತೆಗೆದು ಹೊಸ ಬ್ಯಾಟರಿ ಹಾಕಬಹುದಿತ್ತು. ಇಂದಿನ ಫೋನು ತೆಳುವಾಗಿರಬೇಕು, ನೀರು ಒಳಹೋಗಬಾರದು ಎಂದು ಅಂಟು ಹಾಕಿ ಮುಚ್ಚುತ್ತಾರೆ. ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವರು ಬಿಸಿ ಮಾಡಿ ಅಂಟು ಬಿಡಿಸಿ ಬ್ಯಾಟರಿ ಬದಲಿಸಿ ಕೊಡುತ್ತಾರೆ, ಆದರೆ ನೀರು ತಡೆಯುವ ಗುಣ ಮೊದಲಿನಷ್ಟು ಉಳಿಯುವ ಖಾತ್ರಿ ಇರುವುದಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಕೈಯಂತ್ರಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಸುವವರೇ ತೆಗೆದು ಬದಲಿಸುವಂತಿರಬೇಕು. ತಯಾರಕರು ಒಂದೊಂದು ದೇಶಕ್ಕೆ ಒಂದೊಂದು ಕವಚ ಮಾಡುವುದು ದುಬಾರಿಯಾದ್ದರಿಂದ ಆ ಬದಲಾವಣೆ ಭಾರತದ ಅಂಗಡಿಗಳಿಗೂ ಬರುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಫೋನು ತುಸು ದಪ್ಪವಾದರೂ, ಮೂರು ವರ್ಷಕ್ಕೆ ಎಸೆಯುವ ಯಂತ್ರ ಇನ್ನಷ್ಟು ವರ್ಷ ಬಾಳಿದರೆ ಕೊಂಡವರಿಗೆ ಅದು ಲಾಭದ ವ್ಯವಹಾರ.